ಮೂರು ಕಾಳು

ವಾರ್ನಿಷಿಗೆ ಅದ್ದುವ ಮೊದಲು
ತಾಮ್ರದ ಮೂರು ಸುರುಳಿಗಳ ಸಂದಿಗೆ
ಒಂದೊಂದು ಕಾಳು ಇಡುತ್ತೇನೆ.
ಎಳ್ಳಿಗಿಂತ ದಪ್ಪ, ಉದ್ದಿಗಿಂತ ಸಣ್ಣ,
ಎರಡೆಳೆ ಬಾಲ.
ಆಮೇಲೆ ದಾರ ಬಿಗಿದು, ಅದ್ದಿ, ಒಲೆಗಿಟ್ಟರೆ
ಅವು ಮತ್ತೆ ನನ್ನ ಕಣ್ಣಿಗೆ ಬೀಳುವುದಿಲ್ಲ.
ಬಿದ್ದವೆಂದರೆ
ಮೋಟಾರು ಸುಟ್ಟು ವಾಪಸು ಬಂದಿದೆ ಎಂದೇ ಲೆಕ್ಕ.

ಕಾಗಾನಿನ ರೈಲು ಹಳಿಯ ಹಿಂದೆ ನಮ್ಮ ಶೆಡ್ಡು.
ಇಪ್ಪತ್ತಾರು ವರ್ಷ ಸುತ್ತಿದ ತಂತಿ
ಬಿಚ್ಚಿ ಎಳೆದರೆ ಅಮುದರ್ಯಾ ಮುಟ್ಟಿ ಬರಬಹುದೇನೋ,
ಅಳೆದವರಿಲ್ಲ.

ಹೊಸ ಹುಡುಗ ಇಲ್ಯೋಸ್ ಕೇಳಿದ:
ಕರೆಂಟು ಅಳೆಯುವ ರಿಲೇ ಇದೆಯಲ್ಲ ಓಪಾ,
ಈ ಕಾಳು ಯಾಕೆ?

ತಣ್ಣಗಿರುವಷ್ಟು ಹೊತ್ತು
ಚೂರು ಕರೆಂಟನ್ನು ಹಾದುಹೋಗಲು ಬಿಡುತ್ತದೆ.
ಬಿಸಿ ಗೆರೆ ಮುಟ್ಟಿತೋ, ಬಾಗಿಲು ಹಾಕಿಕೊಳ್ಳುತ್ತದೆ.
ಕೂಗುವುದಿಲ್ಲ. ಮಾತು ಬಿಡುತ್ತದೆ.
ಮೂರರಲ್ಲಿ ಒಂದು ಬಿಟ್ಟರೂ ಸಾಕು.
ತಂತಿಯನ್ನು ಇಲಿ ಕಡಿದರೂ ಅದೇ ಮೌನ.
ಮೌನ ಬಂದರೆ ನಿಲ್ಲಿಸು, ಕಾನೂನು ಅಷ್ಟೇ.
(ನಮ್ಮ ಅತ್ತೆಯದೂ ಇದೇ ಪದ್ಧತಿ ಇತ್ತು.)

ಹುಡುಗ ನಕ್ಕ. ಒಪ್ಪಲಿಲ್ಲ.
ಖೋಲ್‌ಮುರೋದನ ಕತೆ ಹೇಳಬೇಕಾಯಿತು.

ಮರಳಿನಾಚೆ ಕಾಲುವೆಯ ಪಂಪುಮನೆ ಅವನದು.
ಅಂಗೈಯ ಹಿಂಬದಿ ಮೋಟಾರಿನ ಮೈಗಿಟ್ಟು
ಜ್ವರ ಹೇಳುವವ.
ಕೈಗೆ ಸಿಗುವುದು ಕವಚದ ಬಿಸಿ ಮಾತ್ರ ಮಾರಾಯ,
ಒಳಗಿನ ಸುರುಳಿಯದು ಬೇರೆ ಸಂಗತಿ ಅಂದರೆ
ನನ್ನ ಕಾಳುಗಳಿಗೆ 'ದರ್ಜಿಯವಳ ಮುತ್ತು' ಎಂದು ಹೆಸರಿಟ್ಟಿದ್ದ.
ಒಮ್ಮೆ ಮೂರನೇ ಮೋಟಾರು ನಿಂತಾಗ
ಮುತ್ತಿನ ತಂತಿ ಕಿತ್ತು, ಎರಡು ತುದಿ ಕೂಡಿಸಿ ಓಡಿಸಿದ.
ಓಡಿತು. ಹದಿನೇಳು ನಿಮಿಷ.
ಆ ವಾಸನೆ ಅವನ ಚಾಪಾನಿನಿಂದ
ಎರಡು ಚಳಿಗಾಲ ಕಳೆದರೂ ಹೋಗಿರಲಿಲ್ಲ.

ಮೇ ತಿಂಗಳು. ರಾತ್ರಿ ಎರಡು.
ನಾಲ್ಕನೆಯದು ತಾನಾಗಿ ನಿಂತಿತು.
ಆಮೀಟರ್ ಮುಳ್ಳು ಆ ತನಕವೂ ನೆಟ್ಟಗಿತ್ತು,
ನೀರಿನ ಮಟ್ಟ ಸರಿ, ಬೇರಿಂಗ್ ತಣ್ಣಗೆ,
ಕೈ ಹೇಳಿತು: ಏನೂ ಆಗಿಲ್ಲ.
ಜಿಲ್ಲಾ ಕಚೇರಿಯ ಫೋನು ಹೇಳಿತು:
ಹತ್ತಿ ಮೊಳಕೆ ಬಾಯಿಬಿಟ್ಟಿದೆ, ನಿನ್ನ ಮುತ್ತು ಕಿತ್ತೆಸೆ.

ಸ್ಕ್ರೂಡ್ರೈವರ್ ಹಿಡಿದವನು
ಪೆಟ್ಟಿಗೆಯ ಹತ್ತಿರ ಹೋಗಲಿಲ್ಲವಂತೆ.
ಯಾಕೆ ಅಂತ ಅವನಿಗೂ ಗೊತ್ತಿಲ್ಲ.
ಟಾರ್ಚು ತಗೊಂಡು ಮೋಟಾರಿನ ಬೆನ್ನಿಗೆ ಹೋದ.
ಅಲ್ಲಿ, ಫ್ಯಾನಿನ ಜಾಲರಿಯ ಮೇಲೆ
ಕಾಲುವೆ ದಂಡೆಯ ಪಾಪ್ಲರ್ ಮರಗಳ ಅರಳೆಯೆಲ್ಲ ಬಂದು
ಬೆರಳು ದಪ್ಪ ಬೆಳ್ಳಗೆ ಅಂಟಿ ಕೂತಿತ್ತು.
ಹೊರೆ ಹೆಚ್ಚಿರಲಿಲ್ಲ ನೋಡು, ಉಸಿರು ಕಟ್ಟಿತ್ತು.
ಉಸಿರು ಕಟ್ಟಿದ್ದು ಆಮೀಟರಿಗೆ ಹೇಗೆ ತಿಳಿದೀತು?

ಮಲಗಿದ ಮಗುವಿನ ಕೌದಿ ಸರಿಸುವಂತೆ
ಒಂದೇ ತುಂಡಾಗಿ ಎತ್ತಿದ.
ಐವತ್ತು ನಿಮಿಷ ಆರಲು ಬಿಟ್ಟ.
ಫೋನು ಹನ್ನೊಂದು ಸಲ ಬಡಿದುಕೊಂಡಿತು;
ಅವನು ಹಸಿರು ಚಹಾ ಕಾಸಿದ.

ಮರುವಾರ ಲಾರಿಯವನ ಕೈಲಿ ಎರಡು ಚೀಲ ಬಂತು.
ಒಂದರಲ್ಲಿ ಹಿಪ್ಪುನೇರಳೆ ಹಣ್ಣು,
ಇನ್ನೊಂದರಲ್ಲಿ ಆ ಅರಳೆ.
ಚೀಟಿ ಇರಲಿಲ್ಲ.

ಹತ್ತು ಡಿಗ್ರಿ ಏರಿದರೆ ಸುರುಳಿಯ ಆಯುಸ್ಸು ಅರ್ಧ,
ಪುಸ್ತಕದಲ್ಲಿ ಇಷ್ಟು ಬರೆದಿರುತ್ತಾರೆ ಎಂದೆ.
ಹಾಗಾದರೆ ಹತ್ತು ಇಳಿದರೆ ದುಪ್ಪಟ್ಟಾ ಓಪಾ?
ಮೋಟಾರಿಗೆ ಹೌದು.
ಈ ಶೆಡ್ಡಿನಲ್ಲಿ ಜುಲೈ ಕಳೆದವರ ಲೆಕ್ಕ
ಯಾರೂ ಬರೆದಿಲ್ಲ.

ಉಳಿದಿದ್ದ ಹಿಡಿ ಅರಳೆಯನ್ನು ಅಂಗಳಕ್ಕೊಯ್ದು
ಇಲ್ಯೋಸ್ ಕಡ್ಡಿ ಗೀರಿದ.
'ಬೇಡವೋ' ಎನ್ನುವ ಮೊದಲೇ
ಬೂದಿಯೂ ಉಳಿಯದಂತೆ ಹೋಯಿತು.
ಹುಡುಗ ಕೈ ನೋಡಿಕೊಂಡ.

ಬಾ, ಮೂರನೆಯದು ನೀನಿಡು.
ಆಳಕ್ಕೆ, ಇನ್ನೂ ಆಳಕ್ಕೆ,
ಎಲ್ಲಕ್ಕಿಂತ ಬಿಸಿ ಎಲ್ಲಿ ಕೂರುತ್ತದೋ ಅಲ್ಲಿ.
ಬಾಲ ಹೊರಗಿರಲಿ.